ಸ್ಟಾಂಪು ಸಾಲದ 16 ಪೊಟ್ಟಣ: ಅಮೆರಿಕ ಬಾಗಿಲು ಹಾಕಿಕೊಂಡ ಕಥೆ

[ದೃಶ್ಯ: ಹಳೆಯ ನ್ಯೂಯಾರ್ಕ್, ರಾತ್ರಿ, ಓಡುವ ರೈಲು]

1919ರ ಏಪ್ರಿಲ್ ಕೊನೆ. ಅಂಚೆ ಗುಮಾಸ್ತನೊಬ್ಬ ಪಾಳಿ ಮುಗಿಸಿ ಮನೆಗೆ ಹೊರಟಿದ್ದಾನೆ, ಕೈಯಲ್ಲಿ ಪೇಪರ್. ಜಾರ್ಜಿಯಾದ ಮಾಜಿ ಸೆನೆಟರ್ ಮನೆಗೆ ಬಂದ ಪಾರ್ಸೆಲ್ ಬಿಚ್ಚಿದ ಮನೆಕೆಲಸದವಳ ಎರಡೂ ಕೈ ಹೋಗಿವೆ ಅಂತ ಸುದ್ದಿ. ಪೊಟ್ಟಣ ಹೇಗಿತ್ತು ಅಂತಲೂ ಬರೆದಿದ್ದಾರೆ. ಓದುತ್ತ ಓದುತ್ತ ಅವನ ಎದೆ ಧಸಕ್ಕೆಂದಿತು. ಇಂಥವೇ 16 ಪೊಟ್ಟಣಗಳನ್ನು ಸ್ಟಾಂಪು ಸಾಲದು ಅಂತ ತಾನೇ ಪಕ್ಕಕ್ಕೆ ತೆಗೆದಿಟ್ಟು ಬಂದಿದ್ದ!

ಅವೂ ಬಾಂಬುಗಳೇ.

ಜೂನ್ 2ರ ರಾತ್ರಿ ಇನ್ನೊಂದು ಸುತ್ತು, ಈ ಸಲ ಎಂಟು ಊರುಗಳಲ್ಲಿ. ವಾಷಿಂಗ್ಟನ್ನಿನಲ್ಲಿ ಅಟಾರ್ನಿ ಜನರಲ್, ಅಂದರೆ ನ್ಯಾಯ ಇಲಾಖೆಯ ಮುಖ್ಯಸ್ಥ, ಮಿಚೆಲ್ ಪಾಮರ್ ಮನೆಯ ಮುಂಭಾಗವೇ ಕಿತ್ತುಹೋಯಿತು. ಬಾಂಬು ತಂದವನು ಅಲ್ಲೇ ಛಿದ್ರವಾದ.

ಹೊತ್ತು ಬೇರೆ ಕೆಟ್ಟದ್ದು. ಮೊದಲ ಮಹಾಯುದ್ಧ ಮುಗಿದು ವರ್ಷ ತುಂಬಿಲ್ಲ, ಬೆಲೆ ಗಗನಕ್ಕೇರಿದೆ, ಆ ಒಂದೇ ವರ್ಷ ಸುಮಾರು 40 ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅತ್ತ ರಷ್ಯಾದಲ್ಲಿ ಕ್ರಾಂತಿ ಗೆದ್ದಿದೆ. ಬಾಂಬು ಇಟ್ಟವರು ಸರ್ಕಾರವೇ ಬೇಡ ಅನ್ನೋ ಇಟಲಿ ಮೂಲದ ಅರಾಜಕತಾವಾದಿಗಳ ಒಂದು ಸಣ್ಣ ಗುಂಪು ಅಂತ ಇತಿಹಾಸಕಾರರು ಹೇಳ್ತಾರೆ. ಅರಾಜಕತಾವಾದಿಗಳಿಗೂ ಕಮ್ಯುನಿಸ್ಟರಿಗೂ ಎಣ್ಣೆ-ಸೀಗೇಕಾಯಿ ಸಂಬಂಧ. ಆದರೆ ಪೇಪರಿನವರಿಗೆ ಅದೆಲ್ಲ ಯಾಕೆ? ಎಲ್ಲರೂ 'ಕೆಂಪು', ಎಲ್ಲರೂ ಹೊರಗಿನವರು.

[ದೃಶ್ಯ: ಕಾರ್ಡು ತುಂಬಿದ ಮರದ ಡ್ರಾಯರ್‌ಗಳು]

ಇಲ್ಲೊಂದು ಕಾನೂನಿನ ಚಮತ್ಕಾರ ನೋಡಿ. ಜೈಲಿಗೆ ಹಾಕಬೇಕಾದರೆ ಕೋರ್ಟು, ಸಾಕ್ಷಿ, ಜ್ಯೂರಿ ಎಲ್ಲ ಬೇಕು. ಗಡೀಪಾರಿಗೆ ಅದ್ಯಾವುದೂ ಬೇಡ, ಕಚೇರಿಯ ಒಂದು ವಿಚಾರಣೆ ಸಾಕು. 1918ರ ಕಾಯ್ದೆ ಪ್ರಕಾರ ಪೌರತ್ವ ಇಲ್ಲದವನು ಏನೂ ಮಾಡಿರಬೇಕಿಲ್ಲ, ಸರ್ಕಾರವನ್ನು ಬಲವಂತವಾಗಿ ಉರುಳಿಸಬೇಕು ಅನ್ನೋ ಸಂಘದ ಸದಸ್ಯನಾಗಿದ್ದರೆ ಮುಗೀತು. ಪಟ್ಟಿ ಮಾಡೋಕೆ ಪಾಮರ್ ಕೂರಿಸಿದ್ದು 24 ವರ್ಷದ ಒಬ್ಬ ಹುಡುಗನನ್ನು. ಹಿಂದೆ ಲೈಬ್ರರಿಯಲ್ಲಿ ಕೆಲಸ ಮಾಡಿದ್ದವನು, ಮನುಷ್ಯರನ್ನೂ ಪುಸ್ತಕದ ಹಾಗೆ ಕಾರ್ಡಿಗೆ ಇಳಿಸಿದ. ಹೆಸರು ಎಡ್ಗರ್ ಹೂವರ್. ಮುಂದೆ ಎಫ್‌ಬಿಐಯನ್ನು ದಶಕಗಟ್ಟಲೆ ಆಳಿದ ಅದೇ ಹೂವರ್.

1919ರ ಡಿಸೆಂಬರ್ 21, ಬೆಳಕು ಹರಿಯುವ ಮುಂಚೆಯೇ ಬ್ಯೂಫೋರ್ಡ್ ಅನ್ನೋ ಹಳೇ ಹಡಗು ಗಡೀಪಾರಾದ 249 ಜನರನ್ನು ತುಂಬಿಕೊಂಡು ನ್ಯೂಯಾರ್ಕ್ ಬಿಟ್ಟಿತು. ಅವರಲ್ಲಿ ಹೆಸರಾಂತ ಅರಾಜಕತಾವಾದಿ ಎಮ್ಮಾ ಗೋಲ್ಡ್‌ಮನ್ ಕೂಡ ಇದ್ದರು. ಜನವರಿ 2ರ ರಾತ್ರಿ 30ಕ್ಕೂ ಹೆಚ್ಚು ಊರುಗಳಲ್ಲಿ ಸಾವಿರಾರು ಜನರನ್ನು ಹಿಡಿದರು. ಆಗ ಅಡ್ಡ ನಿಂತವರು ಗಡೀಪಾರಿನ ಅಧಿಕಾರವಿದ್ದ ಕಾರ್ಮಿಕ ಇಲಾಖೆಯ ಲೂಯಿಸ್ ಪೋಸ್ಟ್, 70 ದಾಟಿದ ಮುದುಕರು. ಒಂದೊಂದೇ ಫೈಲು ಬಿಚ್ಚಿ ಓದಿ ಸಾವಿರಕ್ಕೂ ಹೆಚ್ಚು ಕೇಸು ರದ್ದು ಮಾಡಿದರು. ಇಡೀ ಕಥೆಯಲ್ಲಿ ನನಗೆ ಹಿಡಿಸಿದ ಮನುಷ್ಯ ಇವರೊಬ್ಬರೇ. ಮೇ 1ಕ್ಕೆ ದಂಗೆ ಏಳುತ್ತದೆ ಅಂತ ಪಾಮರ್ ಎಚ್ಚರಿಸಿದ್ದರು. ಪೊಲೀಸರು ರಾತ್ರಿಯೆಲ್ಲ ಕಾದರು. ಏನೂ ಆಗಲಿಲ್ಲ.

ಪಾಮರ್ ನಗೆಪಾಟಲಾದರು, ಭಯ ಮಾತ್ರ ಕಾನೂನಾಯಿತು. ಕಮ್ಯುನಿಸಂ ಒಂದೇ ಕಾರಣ ಅಂದರೆ ತಪ್ಪಾಗುತ್ತೆ. ಜನಾಂಗದ ಮೇಲರಿಮೆ, ಕೂಲಿ ಕಡಿಮೆಯಾದೀತೆಂಬ ಆತಂಕ, ಎಲ್ಲ ಸೇರಿತ್ತು. 1921ರಲ್ಲಿ ದೇಶವಾರು ಕೋಟಾ ಬಂತು, ಅದೂ ತಿಂಗಳ ಲೆಕ್ಕದಲ್ಲಿ. ಹಾಗಾಗಿ ತಿಂಗಳ ಕೊನೇ ರಾತ್ರಿ ಹಡಗುಗಳು ನ್ಯೂಯಾರ್ಕ್ ಬಂದರಿನ ಹೊರಗೆ ಕಾದು ನಿಂತು, 12 ಹೊಡೆದದ್ದೇ ತಡ, ಒಂದನ್ನೊಂದು ಹಿಂದಿಕ್ಕಿ ಒಳಗೆ ನುಗ್ಗುತ್ತಿದ್ದವು. ನಿಮಿಷ ಮುಂಚೆ ಗೆರೆ ದಾಟಿದರೆ ಹಳೇ ತಿಂಗಳ ಲೆಕ್ಕ, ಜನ ವಾಪಸ್.

[ದೃಶ್ಯ: ಪರದೆ ಮೇಲೆ ಎರಡು ಅಂಕಿ: 42,057 ಮತ್ತು 3,845]

1924ರಲ್ಲಿ ಇನ್ನೂ ಬಿಗಿ. ಅಮೆರಿಕದಲ್ಲಿ ಯಾವ ದೇಶದವರು ಆಗಲೇ ಎಷ್ಟಿದ್ದಾರೆ ಅನ್ನೋದರ ಮೇಲೆ ಕೋಟಾ; ಆ ಲೆಕ್ಕಕ್ಕೆ 1910ರ ಜನಗಣತಿಯ ಬದಲು 1890ರದ್ದನ್ನು ಹಿಡಿದರು. ಯಾಕೆ? ಇಟಲಿಯವರು, ಪೋಲೆಂಡಿನವರು, ರಷ್ಯಾದ ಯಹೂದಿಗಳು ಹೆಚ್ಚಾಗಿ ಬಂದದ್ದೇ ಆಮೇಲೆ. ಯಾರ ಹೆಸರನ್ನೂ ಎತ್ತಬೇಕಾಗಲಿಲ್ಲ, ಇಸವಿ ಬದಲಾಯಿಸಿದರೆ ಸಾಕಾಯಿತು. ವರ್ಷಕ್ಕೆ 42,057 ಇದ್ದ ಇಟಲಿ ಕೋಟಾ 3,845ಕ್ಕೆ ಬಿತ್ತು.

ನಮ್ಮವರಿಗೆ? 1917ರಲ್ಲೇ ಬಾಗಿಲು ಬಂದ್. ಅಮೆರಿಕದ ಸೇನೆಯಲ್ಲೇ ಇದ್ದ ಭಗತ್ ಸಿಂಗ್ ಥಿಂಡ್ ಬಿಳಿಯನಲ್ಲ, ಪೌರತ್ವ ಇಲ್ಲ ಅಂತ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 1946ರಲ್ಲಿ ಭಾರತಕ್ಕೆ ಸಿಕ್ಕ ಕೋಟಾ ವರ್ಷಕ್ಕೆ 100 ಜನ. ದೇಶವಾರು ಪದ್ಧತಿ ಹೋಗಿದ್ದು 1965ರ ಕಾಯ್ದೆಯಿಂದ. ನಮ್ಮ ಡಾಕ್ಟರು, ಎಂಜಿನಿಯರುಗಳು ಹೋದದ್ದು ಆ ಬಾಗಿಲಿಂದಲೇ.

[ದೃಶ್ಯ: ಲ್ಯಾಪ್‌ಟಾಪ್, ತೆರೆದ ಅರ್ಜಿ]

ಅವರಲ್ಲಿ ಯಾರಾದರೂ ಇವತ್ತು ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಲಿ, ಒಂದು ಪ್ರಶ್ನೆ ಬರುತ್ತೆ: ನೀವು ಎಂದಾದರೂ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದಿರಾ? ಮಂಗಳೂರು ಕಡೆ ಕೆಂಬಾವುಟದ ಬೀಡಿ ಯೂನಿಯನ್ ನೋಡಿಕೊಂಡು ಬೆಳೆದವರಾದರೆ ಬೆರಳು ಅರೆಕ್ಷಣ ಮೌಸಿನ ಮೇಲೆ ನಿಲ್ಲುತ್ತೆ. ಆಮೇಲೆ 'ಇಲ್ಲ' ಒತ್ತಿ ಮುಂದಿನ ಪುಟಕ್ಕೆ ಹೋಗ್ತಾರೆ.