ನೋವಿಲ್ಲದಾಗಲೇ ಮಾಡಿಸಬೇಕಾದ ತಪಾಸಣೆ

ಕೇಳುಗರೆಲ್ಲರಿಗೂ ನಮಸ್ಕಾರ.

ಗರ್ಭಕೊರಳಿನ ಕ್ಯಾನ್ಸರ್ ಎಂಬ ಹೆಸರನ್ನು ಕಾಲೇಜಿಗೆ ಹೋಗುವ ಅನೇಕ ಹುಡುಗಿಯರು ಕೇಳಿರುತ್ತಾರೆ. ತಪಾಸಣೆಯ ಮಾತೆತ್ತಿದರೆ ಮಾತ್ರ, "ನನಗೇನೂ ತೊಂದರೆ ಇಲ್ಲವಲ್ಲ" ಎಂಬ ಉತ್ತರ. ತೊಂದರೆ ಇಲ್ಲದಾಗ ಮಾಡಿಸಿದರೇನೇ ಅದಕ್ಕೆ ಬೆಲೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದೊಳಗಿನ ಹೆಂಗಸರ ಪೈಕಿ ಒಮ್ಮೆಯಾದರೂ ಇದನ್ನು ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ. 2022ರ ಅಂದಾಜಿನಂತೆ ಈ ರೋಗಕ್ಕೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 80 ಸಾವಿರ ಹೆಂಗಸರು ಬಲಿಯಾಗುತ್ತಾರೆ.

ಗರ್ಭಕೋಶದ ಬಾಯಿಯೇ ಗರ್ಭಕೊರಳು. ಅಲ್ಲಿ ಕ್ಯಾನ್ಸರ್ ಹುಟ್ಟಿಸುವುದು ಎಚ್‌ಪಿವಿ ಎಂಬ ವೈರಸ್. ಲೈಂಗಿಕ ಸಂಪರ್ಕದಿಂದ ಹರಡುವ ಇದು ತೀರ ಸಾಮಾನ್ಯ. ಬಹುತೇಕರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಉಳಿದುಕೊಂಡು, ಸಾಮಾನ್ಯವಾಗಿ 15–20 ವರ್ಷಗಳಲ್ಲಿ ಕ್ಯಾನ್ಸರಿಗೆ ದಾರಿಯಾಗುತ್ತದೆ. ಗಂಡನೊಬ್ಬನೊಡನೆ ಮಾತ್ರ ಬಾಳಿದವಳಲ್ಲೂ ಈ ವೈರಸ್ ಸಿಗಬಹುದು. ಯಾವಾಗ ಬಂತು, ಯಾರಿಂದ ಬಂತು ಎಂಬುದನ್ನು ಯಾವ ಪರೀಕ್ಷೆಯೂ ಹೇಳಲಾರದು. ವರದಿ ಹಿಡಿದು ಹೆಣ್ಣಿನ ನಡತೆ ಅಳೆಯುವುದು ಅನ್ಯಾಯ. ಆ ಭಯದಿಂದಲೇ ಎಷ್ಟೋ ಜನ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಇನ್ನೊಂದು ಭಯ, ಒಳಗೆ ಏನು ಮಾಡುತ್ತಾರೋ ಎಂಬುದು. ಕೇಳಿ. ಮಂಡಿ ಮಡಚಿ ಮಲಗಿಸಿ, ಸ್ಪೆಕ್ಯುಲಮ್ ಎಂಬ ಸಾಧನದಿಂದ ಯೋನಿಯನ್ನು ಮೆಲ್ಲನೆ ಅಗಲಿಸುತ್ತಾರೆ. ಪ್ಯಾಪ್ ಪರೀಕ್ಷೆಯಾದರೆ ಪುಟ್ಟ ಬ್ರಷ್‌ನಿಂದ ಗರ್ಭಕೊರಳಿನ ಜೀವಕೋಶಗಳನ್ನು ತೆಗೆದುಕೊಳ್ಳುತ್ತಾರೆ. ಸರ್ಕಾರಿ ಕೇಂದ್ರಗಳಲ್ಲಿ ಹೆಚ್ಚಾಗಿ ನಡೆಯುವುದು ವಿಐಎ: ಶೇಕಡಾ 3ರಿಂದ 5ರ ಅಸಿಟಿಕ್ ಆಮ್ಲವನ್ನು, ಅಂದರೆ ಅಡುಗೆಮನೆಯ ವಿನಿಗರ್‌ನಲ್ಲಿರುವ ಆಮ್ಲವನ್ನೇ, ಹಚ್ಚಿ ಒಂದು ನಿಮಿಷ ಕಾದು ನೋಡುತ್ತಾರೆ. ಬದಲಾದ ಭಾಗ ಬೆಳ್ಳಗೆ ಕಾಣುತ್ತದೆ. ಕೊಂಚ ಉರಿ ಆಗಬಹುದು. ಕತ್ತರಿ, ಹೊಲಿಗೆ, ಅರಿವಳಿಕೆ ಯಾವುದೂ ಇಲ್ಲ. ಮೈ ಬಿಗಿಹಿಡಿದಷ್ಟೂ ಹಿಂಸೆ ಹೆಚ್ಚು. ಬಾಯಿಂದ ನಿಧಾನವಾಗಿ ಉಸಿರು ಬಿಡಿ. ನೋವಾದರೆ "ನಿಲ್ಲಿಸಿ" ಎನ್ನಿ, ಮಹಿಳಾ ಸಿಬ್ಬಂದಿ ಬೇಕೆಂದು ಕೇಳಿ. ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಮುಟ್ಟಿನ ದಿನಗಳಲ್ಲಿ ಹೋಗಬೇಡಿ. ಹಿಂದಿನ ಎರಡು ದಿನ ಸಂಭೋಗ ಬೇಡ, ಯೋನಿಯೊಳಗೆ ಔಷಧಿ ಇಡುವುದು, ನೀರು ಹಾಯಿಸಿ ತೊಳೆಯುವುದು ಬೇಡ. ರಕ್ತವೋ ಔಷಧಿಯೋ ಸೇರಿದರೆ ಮಾದರಿ ಕೆಟ್ಟು, ಮತ್ತೆ ಹೋಗಬೇಕಾಗುತ್ತದೆ. ಪ್ಯಾಪ್ ವರದಿಯಲ್ಲಿ ದೋಷ ಕಂಡರೂ, ವಿಐಎಯಲ್ಲಿ ಬೆಳ್ಳಗೆ ಕಂಡರೂ ಅದು ಕ್ಯಾನ್ಸರ್ ಎಂದಲ್ಲ. ಮುಂದೆ ಕಾಲ್ಪೊಸ್ಕೋಪಿಯಲ್ಲಿ ದೊಡ್ಡದಾಗಿ ಕಾಣುವಂತೆ ನೋಡುತ್ತಾರೆ. ಕ್ಯಾನ್ಸರ್‌ಪೂರ್ವ ಬದಲಾವಣೆಯಷ್ಟೇ ಇದ್ದರೆ ಶೀತದಿಂದಲೋ ಶಾಖದಿಂದಲೋ ಅಲ್ಲಿಗಲ್ಲಿಗೇ ನಾಶಮಾಡಬಹುದು, ಗರ್ಭಕೋಶ ತೆಗೆಯಬೇಕಿಲ್ಲ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ: ಪರೀಕ್ಷೆ ಮಾಡಿಸಿಕೊಂಡವರು ವರದಿ ತರಲು ಹೋಗುವುದೇ ಇಲ್ಲ.

ಹಾಗಾದರೆ ಇಪ್ಪತ್ತರ ಹುಡುಗಿ ಈಗಲೇ ಓಡಬೇಕೇ? ಬೇಡ. ಆ ವಯಸ್ಸಿನ ಬದಲಾವಣೆಗಳು ಬಹುಮಟ್ಟಿಗೆ ತಾವಾಗಿ ವಾಸಿಯಾಗುತ್ತವೆ. ಕೆದಕಿದರೆ ಬೇಡದ ಚಿಕಿತ್ಸೆಯೇ ಆದೀತು. ಸರ್ಕಾರಿ ಕಾರ್ಯಕ್ರಮದಲ್ಲಿ ತಪಾಸಣೆ 30ರಿಂದ 65 ವರ್ಷದವರಿಗೆ, ಐದು ವರ್ಷಕ್ಕೊಮ್ಮೆ. ಎಚ್‌ಐವಿ ಇರುವವರು 25ಕ್ಕೇ ಶುರುಮಾಡಬೇಕು. ಹುಡುಗಿಯರಿಗೆ ಈಗ ಬೇಕಾದದ್ದು ಎಚ್‌ಪಿವಿ ತಡೆಯುವ ಲಸಿಕೆ. ಪುಣೆಯ ಸೀರಮ್ ಸಂಸ್ಥೆಯ ಸೆರ್ವವ್ಯಾಕ್ 2023ರಲ್ಲಿ ಬಿಡುಗಡೆಯಾಯಿತು. ಅದರ ಕ್ರಮ ಹೀಗಿದೆ: 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15ರಿಂದ 26ರವರಿಗೆ ಮೂರು; ಮೊದಲನೆಯದಾದ ಎರಡು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಲೈಂಗಿಕ ಜೀವನ ಶುರುವಾಗುವ ಮುನ್ನ ಕೊಟ್ಟರೆ ಪ್ರಯೋಜನ ಹೆಚ್ಚು. ಈಗಾಗಲೇ ಒಳಗಿರುವ ವೈರಸ್ಸನ್ನು ಅದು ಓಡಿಸದು, ಎಲ್ಲ ಬಗೆಗಳನ್ನೂ ತಡೆಯದು. ಆದ್ದರಿಂದ ಲಸಿಕೆ ಹಾಕಿಸಿಕೊಂಡವರಿಗೂ ಮುಂದೆ ತಪಾಸಣೆ ತಪ್ಪಿದ್ದಲ್ಲ.

ಇನ್ನು ಮನೆಯಲ್ಲಿ ಅಮ್ಮ, ಚಿಕ್ಕಮ್ಮ, ಅತ್ತೆ ಇರುತ್ತಾರಲ್ಲ. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ "ಮತ್ತೆ ಮುಟ್ಟು ಬಂತು" ಎಂದು ಸುಮ್ಮನಾಗುವವರಿದ್ದಾರೆ. ಸಂಭೋಗದ ನಂತರದ ರಕ್ತ, ಕೆಟ್ಟ ವಾಸನೆಯ ಬಿಳಿಸೆರಗು ಇವನ್ನು ಮುಚ್ಚಿಡುತ್ತಾರೆ. ಮಗಳ ಹತ್ತಿರ ಮಾತ್ರ ಹೇಳಿಯಾರು; ನೀವೇ ಕೇಳಿ. ಹಾಗೇನಾದರೂ ಇದ್ದರೆ ದಿನ ನೋಡುತ್ತ ಕೂರಬೇಡಿ. ರಕ್ತ ಹೋಗುತ್ತಿದ್ದರೂ ಸರಿ, ಅದೇ ವಾರ ಸ್ತ್ರೀರೋಗ ತಜ್ಞರ ಬಳಿ ಕರೆದುಕೊಂಡು ಹೋಗಿ.