ಹತ್ತು ನಿಮಿಷ ಕೊಡಿ, ಶ್ರುತಿ ಸೇರಿಸಿಕೊಳ್ಳುತ್ತೇವೆ

ನಮಸ್ಕಾರ, ವೀಕ್ಷಕರೇ. ತಂಬೂರಿಗೆ ಹೊಸ ತಂತಿ ಕಟ್ಟುವ ವಿಧಾನವನ್ನು ಈ ವಾರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಅದನ್ನು ಮುಂದಿನ ಕಂತಿಗೆ ಇಟ್ಟುಕೊಂಡಿದ್ದೇನೆ, ದಯವಿಟ್ಟು ಕ್ಷಮಿಸಿ. ಕಳೆದ ಭಾನುವಾರ ರಾತ್ರಿ ಹನ್ನೊಂದು ಗಂಟೆಯ ಹೊತ್ತಿಗೆ, ಒಂದು ಜಾನಪದ ಉತ್ಸವದ ವೇದಿಕೆಯ ಮೆಟ್ಟಿಲ ಮೇಲೆ ಕುಳಿತು ಶ್ರುತಿ ಸೇರಿಸಲು ತಂಬೂರಿಯ ಬಿರಡೆಗೆ, ಅಂದರೆ ತಂತಿ ಬಿಗಿಯುವ ತಿರುಗಣೆಗೆ, ಕೈ ಹಾಕಿದ್ದಾಗ, ಕಾರ್ಯಕ್ರಮ ನಡೆಸುತ್ತಿದ್ದವರೊಬ್ಬರು ಬಂದು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ಜಾನಪದಕ್ಕೆ ಎಂಥ ಶ್ರುತಿ ಸ್ವಾಮಿ? ಹೊಲದಲ್ಲಿ ಹಾಡುವವರಿಗೆ ಯಾರು ಶ್ರುತಿ ಕೊಟ್ಟಿದ್ದರು? ನೀವು ಹವ್ಯಾಸಿಗಳು ತಾನೇ, ಬೇಗ ಹತ್ತಿ, ಹಾಡಿ ಇಳಿಯಿರಿ" ಎಂದರು. ಆಗ ನಾನು ಉತ್ತರ ಕೊಡಲಿಲ್ಲ, ಏಕೆಂದರೆ ನಿರೂಪಕರು ಅಷ್ಟರಲ್ಲಾಗಲೇ ನಮ್ಮ ತಂಡದ ಹೆಸರನ್ನು ಕೂಗಿದ್ದರು. ಆ ಉತ್ತರವನ್ನು ಇಂದು ಕೊಡುತ್ತೇನೆ.

ನಾನು ಕೇಳುವುದು ಹತ್ತು ನಿಮಿಷ. ವೇದಿಕೆ ಹತ್ತುವ ಪ್ರತಿಯೊಂದು ತಂಡಕ್ಕೂ, ಅದು ಹೆಸರಾಂತ ತಂಡವಾಗಿರಲಿ, ನಮ್ಮಂತೆ ವಾರವಿಡೀ ಬೇರೆ ಕೆಲಸ ಮಾಡಿ ಶನಿವಾರ ಭಾನುವಾರ ಮಾತ್ರ ಹಾಡುವ ತಂಡವಾಗಿರಲಿ, ವಾದ್ಯಗಳನ್ನು ಶ್ರುತಿ ಸೇರಿಸಿಕೊಳ್ಳಲು, ಅಂದರೆ ಎಲ್ಲವನ್ನೂ ಒಂದೇ ಆಧಾರ ಸ್ವರಕ್ಕೆ ಹೊಂದಿಸಿಕೊಳ್ಳಲು, ಹತ್ತು ನಿಮಿಷ ಮತ್ತು ಧ್ವನಿವರ್ಧಕದಿಂದ ದೂರವಿರುವ ಒಂದು ಮೂಲೆ ಸಿಗಬೇಕು. ಸಂಭಾವನೆಯ ಮಾತು ಇನ್ನೊಂದು ದಿನಕ್ಕಿರಲಿ. ಶಾಲು, ಹಾರ, ನೆನಪಿನ ಕಾಣಿಕೆ ಇಲ್ಲದಿದ್ದರೂ ನಡೆಯುತ್ತದೆ. ಹತ್ತು ನಿಮಿಷ ಇಲ್ಲದಿದ್ದರೆ ನಡೆಯುವುದಿಲ್ಲ.

ನಾವು ನಾಲ್ವರು. ನಾನು ತಂಬೂರಿ ಹಿಡಿದು ಹಾಡುತ್ತೇನೆ. ಉಳಿದ ಮೂವರಲ್ಲಿ ಒಬ್ಬರು ಬಳೆಯಂಥ ಚೌಕಟ್ಟಿಗೆ ತೊಗಲು ಬಿಗಿದ ದಮ್ಮಡಿ ಬಾರಿಸುತ್ತಾರೆ, ಒಬ್ಬರು ಕೊಳಲು ನುಡಿಸುತ್ತಾರೆ, ಮತ್ತೊಬ್ಬರು ಹಾರ್ಮೋನಿಯಂ ನುಡಿಸುತ್ತಾ ಸೊಲ್ಲು ಹಿಡಿಯುತ್ತಾರೆ, ಅಂದರೆ ಹಾಡಿನ ಸಾಲಿಗೆ ದನಿಗೂಡಿಸುತ್ತಾರೆ. ಕಳೆದ ವಾರಾಂತ್ಯದಲ್ಲಿ ಎರಡು ದಿನಕ್ಕೆ ನಾಲ್ಕು ಕಾರ್ಯಕ್ರಮಗಳನ್ನು ಒಪ್ಪಿಕೊಂಡಿದ್ದೆವು. ಶನಿವಾರ ನಸುಕಿನಲ್ಲಿ ಬಸ್ಸು ಹತ್ತಿದಾಗ ತಂಬೂರಿಯನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ, ಏಕೆಂದರೆ ಅದನ್ನು ಮೇಲಿನ ಸಾಮಾನಿನ ಅಟ್ಟಣೆಯಲ್ಲಿ ಇಟ್ಟರೆ ಬಸ್ಸಿನ ಕುಲುಕಾಟಕ್ಕೆ ಬಿರಡೆಗಳು ಸಡಿಲವಾಗುತ್ತವೆ. ದಮ್ಮಡಿಯವರು ತಮ್ಮ ವಾದ್ಯವನ್ನು ಮಂಜು ತಾಗದಂತೆ ಸ್ವೆಟರಿನೊಳಗೆ ಎದೆಗೆ ಒತ್ತಿ ಹಿಡಿದಿದ್ದರು. ಇಷ್ಟು ಜೋಪಾನ ಮಾಡಿದರೂ ಮೊದಲ ಊರನ್ನು ತಲುಪುವ ಹೊತ್ತಿಗೆ ತೊಗಲು ತೇವ ಹೀರಿಕೊಂಡು ಸಡಿಲಗೊಂಡಿತ್ತು. ಬೆರಳು ಬಿದ್ದಾಗ ನಾದ ಏಳುವ ಬದಲು ಒದ್ದೆ ಹಲಗೆಯ ಮೇಲೆ ತಟ್ಟಿದ ಸದ್ದು ಬರುತ್ತಿತ್ತು. ನಾಲ್ಕು ಕಡ್ಡಿ ಉರಿಸಿ ಅದನ್ನು ಕಾಯಿಸಿಕೊಳ್ಳುತ್ತೇವೆ ಎಂದು ಕೇಳಿದೆವು. ಮುಖ್ಯ ಅತಿಥಿಗಳು ಬರುವುದು ತಡವಾಗಿದೆ, ಅಲ್ಲಿಯವರೆಗೆ ಜನ ಎದ್ದು ಹೋಗದಂತೆ ಒಂದೆರಡು ಹಾಡು ಹೇಳಿಬಿಡಿ ಎಂದು ನಮ್ಮನ್ನು ಹಾಗೆಯೇ ವೇದಿಕೆಗೆ ಕಳುಹಿಸಿದರು. ಎರಡನೆಯ ಹಾಡಿನ ನಡುವೆ ಅತಿಥಿಗಳು ಬಂದರು, ಹಾಡು ನಿಂತಿತು.

ಸಂಜೆಯ ಉತ್ಸವ ಒಂದು ಪಟ್ಟಣದಲ್ಲಿತ್ತು. ಇಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಹತ್ತು ನಿಮಿಷದ ಕಾರಣ ಪೂರ್ತಿಯಾಗಿ ಇದರಲ್ಲೇ ಇದೆ. ವೇದಿಕೆಯ ಹಿಂದೆ ಚಳಿ, ವೇದಿಕೆಯ ಮೇಲೆ ದೊಡ್ಡ ದೀಪಗಳ ಕಾವು. ಉಕ್ಕಿನ ತಂತಿ ಬಿಸಿಯಾದರೆ ಹಿಗ್ಗುತ್ತದೆ, ಬಿಗಿತ ಕಡಿಮೆಯಾಗುತ್ತದೆ, ಸ್ವರ ಇಳಿಯುತ್ತದೆ. ತೊಗಲು ಬಿಸಿಯಾದರೆ ತೇವ ಆರಿ ಬಿಗಿಯಾಗುತ್ತದೆ, ಸ್ವರ ಏರುತ್ತದೆ. ಕೊಳಲಿನೊಳಗಿನ ಗಾಳಿ ಬಿಸಿಯಾದಂತೆ ಶಬ್ದದ ವೇಗ ಹೆಚ್ಚುವುದರಿಂದ ಅದರ ಸ್ವರವೂ ಏರುತ್ತದೆ; ಗಾಳಿ 20 ಡಿಗ್ರಿಯಿಂದ 30 ಡಿಗ್ರಿಗೆ ಹೋದರೆ ಆ ಏರಿಕೆ ಹಾರ್ಮೋನಿಯಮ್ಮಿನಲ್ಲಿ ಬೆರಳಿಂದ ಒತ್ತುವ ಪಕ್ಕಪಕ್ಕದ ಎರಡು ಮನೆಗಳ ಅಂತರದಲ್ಲಿ ಸುಮಾರು ಮೂರನೆಯ ಒಂದು ಪಾಲಿನಷ್ಟಾಗುತ್ತದೆ. ಹಾರ್ಮೋನಿಯಂ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ವೇದಿಕೆಯ ಹಿಂದೆ ಹಾರ್ಮೋನಿಯಮ್ಮಿನ ‘ಕಪ್ಪು ಒಂದು’ ಎಂಬ ಮನೆಯ ಸ್ವರಕ್ಕೆ ಒಪ್ಪವಾಗಿ ಕೂಡಿಸಿಕೊಂಡಿದ್ದ ನಾಲ್ಕು ವಾದ್ಯಗಳು ದೀಪದ ಕೆಳಗೆ ಕುಳಿತ ಸ್ವಲ್ಪ ಹೊತ್ತಿನಲ್ಲೇ ನಾಲ್ಕು ದಿಕ್ಕಿಗೆ ಹೊರಟಿದ್ದವು: ತಂಬೂರಿ ಕೆಳಗೆ, ದಮ್ಮಡಿ ಮೇಲೆ, ಕೊಳಲು ಮೇಲೆ, ಹಾರ್ಮೋನಿಯಂ ನಡುವೆ. ಹಾಡುವವನು ಇವುಗಳಲ್ಲಿ ಯಾವುದನ್ನು ಹಿಡಿಯಬೇಕು? ನಾನು ಮೊದಲ ಸೊಲ್ಲಿನಲ್ಲಿ ತಂಬೂರಿಯನ್ನು ಹಿಡಿದೆ, ಎರಡನೆಯದರಲ್ಲಿ ಕೊಳಲಿನ ಕಡೆಗೆ ಸರಿದೆ, ಮೂರನೆಯದಕ್ಕೆ ಗಂಟಲು ಬಿಗಿಯಿತು. ಕೆಳಗೆ ಕುಳಿತಿದ್ದ ಹಿರಿಯರೊಬ್ಬರು ಕಣ್ಣು ಮುಚ್ಚಿ ಕೇಳುತ್ತಿದ್ದವರು ಕಣ್ಣು ತೆರೆದರು. ನನಗೆ ಬಹಳ ನೋವಾಯಿತು.

ಬಿರಡೆಯನ್ನು ಕಾಲು ಸುತ್ತು ತಿರುಗಿಸಿ, ಒದ್ದೆ ಬಟ್ಟೆಯಿಂದ ದಮ್ಮಡಿಯನ್ನು ಒಮ್ಮೆ ಸವರಿ, ಮೈಕಿನ ಮುಂದೆ ಒಂದು ಸಾಲು ಹಾಡಿ ನೋಡುವುದಕ್ಕೆ ಎಷ್ಟು ಹೊತ್ತು ಬೇಕು? ಹತ್ತು ನಿಮಿಷ.

ಈ ವಿಷಯವನ್ನು ಕೈಯಲ್ಲಿ ವಾದ್ಯ ಹಿಡಿದು ತೋರಿಸುವ ಎರಡು ಕಂತುಗಳು ಇದೇ ವಾಹಿನಿಯಲ್ಲಿವೆ. ಚಂದಾದಾರರಾಗದವರು ಆಗಿ, ಊರಿನ ಉತ್ಸವಗಳನ್ನು ಏರ್ಪಡಿಸುವವರು ಯಾರಾದರೂ ನಿಮಗೆ ಗೊತ್ತಿದ್ದರೆ ಅವರಿಗೆ ಕಳುಹಿಸಿ. ನಮ್ಮ ತಂಡವನ್ನು ಕರೆಯಬೇಕೆಂದಿರುವವರಿಗೂ ಆ ಎರಡು ಕಂತುಗಳೇ ನಮ್ಮ ಪರಿಚಯ ಪತ್ರ.

ಈಗ ಆ ಹೊಲದ ಪ್ರಶ್ನೆಗೆ ಬರುತ್ತೇನೆ. ಹೊಲದಲ್ಲಿ ಹಾಡುವವರಿಗೆ ಶ್ರುತಿ ಕೊಟ್ಟವರು ಅವರೇ. ಬೀಸುವ ಕಲ್ಲಿನ ಮುಂದೆ ಕುಳಿತ ಇಬ್ಬರು ಹೆಂಗಸರಲ್ಲಿ ಒಬ್ಬಾಕೆ ಸೊಲ್ಲು ಎತ್ತುತ್ತಾಳೆ, ಇನ್ನೊಬ್ಬಾಕೆ ಆ ಎತ್ತರವನ್ನು ಕಿವಿಯಲ್ಲಿ ಹಿಡಿದು ಬಂದು ಕೂಡುತ್ತಾಳೆ, ಕಲ್ಲಿನ ಗುಂಯ್‌ಗುಡುವಿಕೆ ಇಬ್ಬರಿಗೂ ಆಧಾರವಾಗಿರುತ್ತದೆ. ಅಲ್ಲಿ ಯಾರೂ ಅವರನ್ನು ಹತ್ತಿ, ಇಳಿಯಿರಿ ಎಂದು ಅವಸರ ಮಾಡುತ್ತಿರಲಿಲ್ಲ. ಅಂಕೋಲಾ ಬಳಿಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಇಡೀ ನಾಡು ಹೆಮ್ಮೆಪಟ್ಟಿತು. ತಮ್ಮ ಹಾಲಕ್ಕಿ ಸಮುದಾಯದ ಹಾಡುಗಳನ್ನು ನೆನಪಿನಲ್ಲೇ ಹೊತ್ತು ತಂದ ಆ ತಾಯಿಯ ದನಿಗೆ ಓಗೊಡುತ್ತಿದ್ದ ಹೆಂಗಸರು ಶ್ರುತಿಯನ್ನು ಗಾಳಿಯಿಂದ ಹಿಡಿಯುತ್ತಿದ್ದರೆಂದು ಯಾರಾದರೂ ಹೇಳಬಲ್ಲರೇ? ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದರಾದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ತಮಟೆಯವರು ಬಾರಿಸುವ ಮೊದಲು ಹುಲ್ಲಿನ ಉರಿಗೆ ತಮಟೆಯನ್ನು ಹಿಡಿದು ಕಾಯಿಸುವುದನ್ನು ಜಾತ್ರೆಗೆ ಹೋದ ಪ್ರತಿಯೊಬ್ಬರೂ ನೋಡಿದ್ದಾರೆ. ಅದು ಚಳಿ ಕಾಯಿಸಿಕೊಳ್ಳುವುದಲ್ಲ, ಅದೇ ಶ್ರುತಿ ಸೇರಿಸುವುದು. ಒಂಟಿ ತಂತಿಯ ವಾದ್ಯವಾದ ಚೌಡಿಕೆ ಹಿಡಿದು ಎಲ್ಲಮ್ಮನ ಪದ ಹಾಡುವ ಜೋಗತಿಯರು ತಂತಿಯ ಬಿಗಿತವನ್ನು ಕೈಯಲ್ಲೇ ಬದಲಿಸುತ್ತಾ ಸ್ವರ ಹೊರಡಿಸುತ್ತಾರೆ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ರಾತ್ರಿಯಿಡೀ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ಮೊದಲು ತಂಬೂರಿಯ ತಂತಿಗಳನ್ನು ಮೀಟಿ ಮೀಟಿ ಕೂಡಿಸಿಕೊಂಡೇ ಬಾಯಿ ತೆರೆಯುತ್ತಾರೆ.

ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಹೋಗಿ, ಅಲ್ಲಿರುವ ವಾದ್ಯಗಳ ಮುಂದೆ ಒಂದು ಗಳಿಗೆ ನಿಂತು ನೋಡಿ. ತಂತಿಯಿರುವ ವಾದ್ಯಕ್ಕೆ ಬಿರಡೆಯಿದೆ. ಡೊಳ್ಳಿನ ಎರಡು ಮುಖಗಳ ನಡುವೆ ಎಳೆದು ಬಿಗಿಯುವ ಹಗ್ಗವಿದೆ. ಜಾನಪದಕ್ಕೆ ಶ್ರುತಿ ಬೇಡವಾಗಿದ್ದರೆ, ಮರ ಕಡಿದು, ತೊಗಲು ಹದ ಮಾಡಿ ಇವನ್ನು ತಯಾರಿಸಿದ ಆ ಹಳ್ಳಿಯ ಕುಶಲಕರ್ಮಿ ಬಿರಡೆಯನ್ನು ಏಕೆ ಕೊರೆದು ಕೂರಿಸಿದ?

ಭಾನುವಾರ ಬೆಳಗಿನ ಕಾರ್ಯಕ್ರಮವನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಅದು ನಾಲ್ಕರಲ್ಲಿ ಅತಿ ಸಣ್ಣದು. ಒಂದು ಅರಳಿಕಟ್ಟೆಯ ಮುಂದೆ ಜಮಖಾನೆ ಹಾಸಿ, ಎರಡು ಮೈಕು ಇಟ್ಟಿದ್ದರು. ಉತ್ಸವದ ಉಸ್ತುವಾರಿ ವಹಿಸಿದ್ದ ಅಜ್ಜಿಯೊಬ್ಬರು ನಮ್ಮ ದಮ್ಮಡಿಯವರ ಮುಖ ನೋಡಿದವರೇ ತಮ್ಮ ಮನೆಯ ಹಿತ್ತಿಲಿಗೆ ಕರೆದುಕೊಂಡು ಹೋಗಿ, ನೀರೊಲೆಯ ಕೆಂಡವನ್ನು ಮುಂದಕ್ಕೆ ಎಳೆದುಕೊಟ್ಟು, "ಕಾಯಿಸ್ಕೊಳಪ್ಪ, ಜನ ಎಲ್ಲೂ ಹೋಗಲ್ಲ" ಎಂದರು. ನಾವು ಅಲ್ಲೇ ಗೋಡೆಗೆ ಒರಗಿ ಕೂಡಿಸಿಕೊಂಡೆವು. ಆಮೇಲೆ ನಡೆದದ್ದನ್ನು ಹೇಗೆ ವಿವರಿಸಲಿ? ಮೊದಲ ಸೊಲ್ಲು ಎತ್ತಿದಾಗ ನನ್ನ ದನಿ ಎಲ್ಲಿ ಮುಗಿಯಿತು, ತಂಬೂರಿಯ ನಾದ ಎಲ್ಲಿ ತೊಡಗಿತು ಎಂಬುದು ನನಗೇ ತಿಳಿಯಲಿಲ್ಲ. ಮಹದೇಶ್ವರನ ಪದಕ್ಕೆ ಬಂದಾಗ ಮುಂದೆ ಕುಳಿತಿದ್ದ ಹೆಂಗಸರು ತಾವಾಗಿಯೇ ಸೊಲ್ಲು ಹಿಡಿದರು, ಮತ್ತು ಅವರು ಹಿಡಿದದ್ದು ಸರಿಯಾಗಿ ನಮ್ಮ ಶ್ರುತಿಯಲ್ಲೇ. ಹಿಂದಿನ ಸಂಜೆ ಹಾಡಿದವರೂ ನಾವೇ, ಹಾಡಿದ್ದೂ ಅದೇ ಪದ. ನಡುವೆ ಇದ್ದ ವ್ಯತ್ಯಾಸ ಹತ್ತು ನಿಮಿಷ ಮತ್ತು ಒಂದು ಹಿಡಿ ಕೆಂಡ.

ಸಮಯವಿಲ್ಲ ಎನ್ನುತ್ತಾರೆ. ಶನಿವಾರ ಸಂಜೆಯ ವೇದಿಕೆಯಲ್ಲಿ ಸ್ವಾಗತ, ದೀಪ, ಭಾಷಣ, ಸನ್ಮಾನಗಳಿಗೆ ಹೋದ ಹೊತ್ತನ್ನು ನಾನು ಗಡಿಯಾರ ನೋಡಿ ಲೆಕ್ಕ ಹಾಕಿದ್ದೇನೆ: 1 ಗಂಟೆ 40 ನಿಮಿಷ. ಅದರಲ್ಲಿ ಹತ್ತು ತಂಡಗಳ ಶ್ರುತಿ ಕೂಡುತ್ತಿತ್ತು. ಅದೂ ಬೇಡ, ಒಂದು ತಂಡ ಹಾಡುತ್ತಿರುವಾಗ ಮುಂದಿನ ತಂಡ ಹಿಂದಿನ ಕೋಣೆಯಲ್ಲಿ ಕೂಡಿಸಿಕೊಂಡು, ವೇದಿಕೆಗೆ ಬಂದ ಮೇಲೆ ಎರಡು ನಿಮಿಷ ಸರಿಪಡಿಸಿಕೊಂಡರೆ ಉತ್ಸವದ ಒಂದು ಗಳಿಗೆಯೂ ವ್ಯರ್ಥವಾಗುವುದಿಲ್ಲ. ಆದ್ದರಿಂದ ಸಮಯವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಮೊಬೈಲಿನಲ್ಲಿ ಶ್ರುತಿ ಹಾಕಿಕೊಳ್ಳಿ ಎನ್ನುವವರಿದ್ದಾರೆ. ಮೊಬೈಲು ನನಗೆ ಷಡ್ಜವನ್ನು, ಅಂದರೆ ಆಧಾರದ ‘ಸ’ ಸ್ವರವನ್ನು, ಕೇಳಿಸಬಲ್ಲದು, ದಮ್ಮಡಿಯ ತೊಗಲನ್ನು ಕಾಯಿಸಲಾರದು. ಧ್ವನಿಮುದ್ರಿತ ವಾದ್ಯಗಳಿಗೆ ಹಾಡಿ ಎನ್ನುವವರೂ ಇದ್ದಾರೆ. ಹಾಗಾದರೆ ಜೀವಂತ ವಾದ್ಯಗಾರರನ್ನು ಉತ್ಸವಕ್ಕೆ ಏಕೆ ಕರೆಯುತ್ತೀರಿ? ಈ ಎರಡು ಸಲಹೆಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದು ನನಗೆ ಬೇಕಿಲ್ಲ.

ನನ್ನನ್ನು ನಿಜವಾಗಿ ಚುಚ್ಚಿದ್ದು ಹವ್ಯಾಸಿ ಎಂಬ ಮಾತು. ಹೌದು, ನಾನು ಹವ್ಯಾಸಿ. ವಾರದ ಐದು ದಿನ ಲೆಕ್ಕಪತ್ರ ಬರೆಯುತ್ತೇನೆ. ಭಾನುವಾರದ ಕೊನೆಯ ಕಾರ್ಯಕ್ರಮ ಮುಗಿಸಿ ಮನೆ ಸೇರಿದಾಗ ಬೆಳಗಿನ ಮೂರು ಗಂಟೆ, ಹತ್ತಕ್ಕೆ ಕಚೇರಿಯ ಮೇಜಿನ ಮುಂದೆ ಇದ್ದೆ. ಹವ್ಯಾಸಿಗೆ ಹತ್ತು ನಿಮಿಷ ಬೇಡ ಎನ್ನುವವರು ತಿಳಿಯಬೇಕಾದದ್ದು ಇಷ್ಟೇ: ನುರಿತ ಕಲಾವಿದರು ಓಡುತ್ತಾ ಬಂದರೂ ಅರೆ ಗಳಿಗೆಯಲ್ಲಿ ಕೂಡಿಸಿಕೊಂಡಾರು, ನಮಗೆ ಅವರಿಗಿಂತ ಹೆಚ್ಚೇ ಹೊತ್ತು ಬೇಕು. ಕೇಳಲು ಬಂದವರು ಮುಂದೆ ಕುಳಿತು ನಮಗೆ ಕೊಡುವ ಕಿವಿ ಹವ್ಯಾಸಿ ಕಿವಿಯಲ್ಲ. ಅಪಶ್ರುತಿ ಅವರಿಗೂ ಅಷ್ಟೇ ನೋವು ಕೊಡುತ್ತದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯವನ್ನು ಕಟ್ಟಿಕೊಂಡ ನಾಡು ಇದು. ಇಂಥ ನಾಡಿನಲ್ಲಿ ಒಂದು ತಂಬೂರಿಗೆ ಹತ್ತು ನಿಮಿಷ ಇಲ್ಲವೇ? ನಾಲ್ಕು ಜನ, ನಾಲ್ಕು ವಾದ್ಯ, ಒಂದು ಮೂಲೆ, ಹತ್ತು ನಿಮಿಷ. ಇಲ್ಲ ಎನ್ನಲು ಯಾರಿಗಾದರೂ ಹೇಗೆ ಮನಸ್ಸು ಬರುತ್ತದೆ? ನನಗೆ ಅರ್ಥವಾಗುವುದಿಲ್ಲ, ನಿಜವಾಗಿಯೂ ಅರ್ಥವಾಗುವುದಿಲ್ಲ. ಹತ್ತು ನಿಮಿಷ ಕೊಡಿ!

ಬರುವ ಶನಿವಾರ ಮಂಡ್ಯ ಜಿಲ್ಲೆಯ ಒಂದು ಊರಿನಿಂದ ಕರೆ ಬಂದಿದೆ. ನಾಳೆ ಬೆಳಿಗ್ಗೆ ಅಲ್ಲಿಯ ಸಂಘಟಕರಿಗೆ ಫೋನು ಮಾಡುತ್ತೇನೆ. ಎಷ್ಟು ಹಾಡು, ಯಾವ ಹೊತ್ತು, ಯಾವ ಬಸ್ಸು ಎಂಬುದನ್ನೆಲ್ಲ ಆಮೇಲೆ ಕೇಳುತ್ತೇನೆ. ನಿಮ್ಮ ವೇದಿಕೆಯ ಹಿಂದೆ ಒಂದು ಒಲೆಯಿದೆಯೇ ಎಂಬುದನ್ನು ಮೊದಲು ಕೇಳುತ್ತೇನೆ.