ಮರಳಿನಲ್ಲಿ ಹೂತ ಗುಡಿ, ನೀರಿನಲ್ಲಿ ತೊಳೆದುಹೋದ ಬಣ್ಣ

ಸ್ನೇಹಿತರೇ, ಪರದೆಯ ಮೇಲಿರುವ ಈ ಚಿತ್ರವನ್ನು ಒಂದು ನಿಮಿಷ ಸುಮ್ನೆ ನೋಡಿ. ಸಾಲು ಕಂಬಗಳ ಮುಂದೆ ಒಂದಷ್ಟು ಜನ ಇದ್ದಾರೆ. ಅವರ ಕಾಲ ಕೆಳಗಿರುವುದು ಗುಡಿಯ ನೆಲ ಅನ್ನಿಸುತ್ತದೆ, ಅಲ್ವಾ? ಅದು ನೆಲವಲ್ಲ, ಮರಳು. ನಿಜವಾದ ನೆಲ ಅದರ ಎಷ್ಟೋ ಅಡಿ ಕೆಳಗಿದೆ. ನಮಗೆ ಕಾಣುತ್ತಿರುವುದು ಕಂಬಗಳ ಮೇಲ್ಭಾಗ ಮಾತ್ರ.

ಇದು ಈಜಿಪ್ಟಿನ ಎಡ್ಫು. ಗಿಡುಗನ ಮುಖದ ದೇವರು ಹೋರಸ್‌ನ ಗುಡಿ. ಬರೆದವನು ಸ್ಕಾಟ್ಲೆಂಡಿನ ಡೇವಿಡ್ ರಾಬರ್ಟ್ಸ್, ನೋಡಿದ್ದು 1838ರಲ್ಲಿ. 1860ರ ದಶಕದಲ್ಲಿ ಫ್ರೆಂಚ್ ಸಂಶೋಧಕ ಮಾರಿಯೆಟ್ ಆ ಮರಳನ್ನು ತೆಗೆಸಿದ. ಇವತ್ತು ಅಲ್ಲಿಗೆ ಹೋದವರು 36 ಮೀಟರ್ ಎತ್ತರದ ಮುಂಗೋಪುರವನ್ನು ಬುಡದಿಂದ ನೋಡುತ್ತಾರೆ. ರಾಬರ್ಟ್ಸ್ ಕಂಡ ಎಡ್ಫು ಉಳಿದಿರುವುದು ಇಂಥ ಚಿತ್ರಗಳಲ್ಲೇ.

ರಾಬರ್ಟ್ಸ್ 1796ರಲ್ಲಿ ಎಡಿನ್‌ಬರೋ ಹತ್ತಿರ ಹುಟ್ಟಿದ. ಅಪ್ಪ ಬೂಟು ಹೊಲಿಯುತ್ತಿದ್ದ. ಮಗ ಮೊದಲು ಕಲಿತದ್ದು ಮನೆಗಳಿಗೆ ಬಣ್ಣ ಬಳಿಯುವ ಕೆಲಸ. ಆಮೇಲೆ ನಾಟಕಗಳಿಗೆ ಪರದೆ ಬರೆದ. ಅವನ ಚಿತ್ರಗಳಲ್ಲಿ ನಾಟಕೀಯತೆ ಜಾಸ್ತಿ ಎಂದು ದೂರುವವರಿದ್ದಾರೆ. ನನಗೆ ಆ ಪರದೆಯ ಕಸುಬೇ ಅವನ ದೊಡ್ಡ ಬಲ ಅನ್ನಿಸುತ್ತದೆ. ಭಾರಿ ಕಟ್ಟಡದ ಮುಂದೆ ಪುಟ್ಟ ಮನುಷ್ಯನನ್ನು ಎಲ್ಲಿ ನಿಲ್ಲಿಸಿದರೆ ಕಟ್ಟಡದ ಗಾತ್ರ ಎದೆಗೆ ತಟ್ಟುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ದೋಣಿಯಲ್ಲಿ ನೈಲ್ ನದಿಯ ಮೇಲೆ ಅಬು ಸಿಂಬೆಲ್‌ವರೆಗೆ ಹೋಗಿ ಬಂದ. ಅದೇ ಹೊತ್ತಿಗೆ, 1839ರ ಜನವರಿಯಲ್ಲಿ, ಪ್ಯಾರಿಸ್ಸಿನಲ್ಲಿ ಡಾಗೆರೊಟೈಪ್ ಎಂಬ ಫೋಟೋ ವಿಧಾನದ ಸುದ್ದಿ ಹೊರಬಿತ್ತು. ರಾಬರ್ಟ್ಸ್ ಹತ್ತಿರ ಇದ್ದದ್ದು ಪೆನ್ಸಿಲ್ಲು, ನೀರುಬಣ್ಣ ಮತ್ತು ಕಣ್ಣು. ಊರಿಗೆ ಮರಳಿದ ಮೇಲೆ ಲೂಯಿ ಹಾಘೆ ಎಂಬ ಕುಶಲಿ ಆ ಚಿತ್ರಗಳನ್ನು ಕಲ್ಲಚ್ಚಿಗೆ ಇಳಿಸಿದ. 1842ರಿಂದ 1849ರವರೆಗೆ ಅವು ಕಂತುಕಂತಾಗಿ ಹೊರಬಂದವು.

ಈಗ ಫಿಲೆ ದ್ವೀಪದ ಐಸಿಸ್ ದೇವಿಯ ಗುಡಿಗೆ ಬನ್ನಿ. ನಾನು ಇವತ್ತು ಮಾತಾಡಲು ಒಪ್ಪಿದ್ದೇ ಈ ಚಿತ್ರಕ್ಕಾಗಿ. ಕಂಬಗಳ ತಲೆಯ ಮೇಲೆ ಹಸಿರು, ನೀಲಿ, ಕೆಂಪು ನೋಡಿ. ಈಜಿಪ್ಟಿನ ಗುಡಿ ಎಂದರೆ ಬೋಳು ಕಂದು ಕಲ್ಲು ಎಂದೇ ನಾವು ಅಂದುಕೊಂಡಿರುತ್ತೇವೆ. ಕಟ್ಟಿದವರು ಅದನ್ನು ಹಾಗೆ ಬಿಟ್ಟಿರಲಿಲ್ಲ. ಸುಮಾರು ಎರಡು ಸಾವಿರ ವರ್ಷವಾದ ಮೇಲೂ ಆ ಬಣ್ಣ ರಾಬರ್ಟ್ಸ್ ಕಣ್ಣಿಗೆ ಬಿತ್ತು. ಒಂದು ಮಾತು ಹೇಳಲೇಬೇಕು: ಅಚ್ಚಾದ ಪ್ರತಿಗಳಿಗೆ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಹಾಗಾಗಿ ಒಂದು ಪ್ರತಿಯ ಹಸಿರು ಇನ್ನೊಂದರಲ್ಲಿ ಅಷ್ಟೇ ಗಾಢವಾಗಿರಬೇಕೆಂದಿಲ್ಲ.

1902ರಲ್ಲಿ ಆಸ್ವಾನ್‌ನಲ್ಲಿ ಅಣೆಕಟ್ಟು ಎದ್ದಿತು. ಆಮೇಲೆ ಅದನ್ನು ಎರಡು ಸಲ ಎತ್ತರಿಸಿದರು. ಗುಡಿ ವರ್ಷದ ಹೆಚ್ಚಿನ ತಿಂಗಳು ನೀರಿನಲ್ಲಿ ನಿಂತಿತು. 1970ರ ದಶಕದಲ್ಲಿ ಯುನೆಸ್ಕೋ ನೆರವಿನಿಂದ ಕಲ್ಲುಕಲ್ಲಾಗಿ ಬಿಚ್ಚಿ, ಪಕ್ಕದ ಅಗಿಲ್ಕಿಯಾ ದ್ವೀಪದಲ್ಲಿ ಮತ್ತೆ ಜೋಡಿಸಿದರು. ಕಲ್ಲು ಉಳಿಯಿತು. ಬಣ್ಣ ಬಹುಪಾಲು ಅಷ್ಟರೊಳಗೆ ತೊಳೆದುಹೋಗಿತ್ತು.

ದೀಪ ಹಾಕುವುದು ಇನ್ನೊಂದು ನಿಮಿಷ ತಡವಾಗಲಿ. ಎಡಗಡೆಯ ಮೊದಲ ಕಂಬದಿಂದ ಶುರುಮಾಡಿ, ಒಂದೊಂದನ್ನೇ ಮೇಲಿನವರೆಗೂ ನೋಡಿ.